ಫ್ರೋಡೋ ಸೋತನೇ?

ಟಾಲ್ಕಿನ್ನರ ಮೂರು ಸಂಪುಟಗಳ ಉಂಗುರದ ಕಥೆಯಲ್ಲಿ ಕಡೆಯದಾದ ‘ದಿ ರಿಟರ್ನ್ ಆಫ್ ದಿ ಕಿಂಗ್’ (1955) ಕಾದಂಬರಿಯನ್ನು ನಾವು ನಿಘಂಟನ್ನು ಮಗ್ಗುಲಲ್ಲಿರಿಸಿಕೊಂಡು ಓದಿದೆವು. ಧರಿಸಿದವನ ಮನಸ್ಸನ್ನೇ ವಶಪಡಿಸಿಕೊಳ್ಳುವ ಮಾಯೆಯ ಉಂಗುರವದು. ಅದನ್ನು ನಾಶಪಡಿಸಲೆಂದೇ ಹೊರಟ ಫ್ರೋಡೋ, ಅಗ್ನಿಪರ್ವತದ ಕುಂಡದಂಚಿಗೆ ಬಂದು, ಎಸೆಯಲೊಲ್ಲದೆ, ತನ್ನದೆಂದು ಬೆರಳಿಗೇರಿಸಿಕೊಳ್ಳುತ್ತಾನೆ! ಇಂತಹ ಅಂತ್ಯವನ್ನು ನಾವು ನಿರೀಕ್ಷಿಸಿರಲಿಲ್ಲ. ಉಂಗುರಕ್ಕಾಗಿ ಹಂಬಲಿಸಿಯೇ ಹಾಳಾದ, ಹಿಂದೆ ಇವನೇ ಕನಿಕರಿಸಿ ಕೊಲ್ಲದೆ ಬಿಟ್ಟಿದ್ದ ಗೊಲ್ಲಮ್, ಆ ಬೆರಳನ್ನೇ ಕಚ್ಚಿ ಕತ್ತರಿಸಿ, ಹರ್ಷದಿಂದ ಕುಣಿಯುತ್ತ ಉಂಗುರದೊಡನೆ ಬೆಂಕಿಗೆ ಉರುಳುತ್ತಾನೆ.

ತರಗತಿಯಲ್ಲಿ ಇದನ್ನು ಹೇಳಿದಾಗ ಬಾಲಕನೊಬ್ಬನು, “ಹಾಗಾದರೆ ಫ್ರೋಡೋ ಸೋತನೇ, ಗುರುಗಳೇ?” ಎಂದನು. ಮಕ್ಕಳು ನಕ್ಕರು. ಗದ್ದಲವಡಗಿಸಲು ನಮ್ಮ ಕೈ ತಾನಾಗಿಯೇ ಮೇಜಿನ ಮೇಲಿನ ಬೆತ್ತಕ್ಕೆ ಹೋಯಿತು. ಬಾಲಕನ ಕಣ್ಣು ಬೆತ್ತದಲ್ಲಿಯೇ ನೆಟ್ಟಿತು.

“ಸೋತನು, ಮಗು” ಎಂದೆವು. ಬೆತ್ತವನ್ನು ಕೆಳಗಿಡಲು ಇನ್ನೂ ಕೊಂಚ ಹೊತ್ತು ಹಿಡಿಯಿತು.