ಲೆಸ್ಟರ್ ಊರಿನ ನೀಲಿ ಪಟ್ಟಿ ಟೋಪಿ

ಪೊಲೀಸ್ ಎಂದರೆ ನಮ್ಮ ಕಡೆಯ ಹೆಂಗಸರಿಗೆ ಈಗಲೂ ಒಂದು ಅಳುಕು. ಯಾರದಾದರೂ ಮನೆ ಮುಂದೆ ಜೀಪು ನಿಂತರೆ ಸಾಕು, ಎದುರು ಮನೆ ಕಿಟಕಿಯ ಪರದೆ ಅಲ್ಲಾಡುತ್ತದೆ. ಸಂಜೆಯೊಳಗೆ ಬೀದಿಯೆಲ್ಲಾ ಸುದ್ದಿ. ಹೀಗಿರುವಾಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ನನ್ನ ನಾದಿನಿ ಪೊಲೀಸ್ ಇಲಾಖೆಯಲ್ಲೇ ಕೆಲಸಕ್ಕೆ ಸೇರಿದಳು ಎಂದು ತಿಳಿದಾಗ ನಮ್ಮತ್ತೆಯವರಿಗೆ ಎರಡು ದಿನ ಊಟ ಸೇರಲಿಲ್ಲ. "ಬಿ.ಕಾಂ. ಓದಿದ ಹುಡುಗಿ, ಲಾಠಿ ಹಿಡ್ಕೊಂಡು ಬೀದಿ ತಿರುಗೋದೇ?" ಎಂದು ಒಂದೇ ಕೊರಗು.

2024ರ ಅಕ್ಟೋಬರ್‌ನಲ್ಲಿ ನಾನೂ ನನ್ನವರೂ ಮೂರು ವಾರ ಅವಳ ಮನೆಯಲ್ಲಿದ್ದು ಬಂದೆವು. ಬೀದಿ ತಿರುಗುವುದು ನಿಜ. ಆದರೆ ಲಾಠಿಯೇ ಇಲ್ಲ! ಪಿಸ್ತೂಲಂತೂ ಮೊದಲೇ ಇಲ್ಲ. ಆ ದೇಶದಲ್ಲಿ ಮಾಮೂಲು ಕಾನ್‌ಸ್ಟೇಬಲ್‌ಗಳೂ ಪಿಸ್ತೂಲು ಇಟ್ಟುಕೊಳ್ಳುವುದಿಲ್ಲ. ಹಾಗಾದರೆ ಅವಳ ಕೈಯಲ್ಲಿ ಇರುವುದೇನು? ಅದನ್ನೇ ಹೇಳಹೊರಟಿದ್ದೇನೆ.

ಮೊದಲು ಊರಿನ ಬಗ್ಗೆ ಎರಡು ಮಾತು. ಲೆಸ್ಟರ್ ಇರುವುದು ಇಂಗ್ಲೆಂಡಿನ ನಡುಭಾಗದಲ್ಲಿ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚಿನ ಪ್ರಯಾಣ. ಹಿಂದೆ ಕಾಲುಚೀಲ, ಬನಿಯನ್ನು, ಬೂಟುಗಳ ಕಾರ್ಖಾನೆಗಳಿಗೆ ಹೆಸರಾಗಿದ್ದ ಊರು. 2012ರಲ್ಲಿ ಇಲ್ಲಿ ಕಾರು ನಿಲ್ಲಿಸುವ ಜಾಗವನ್ನು ಅಗೆದಾಗ ಮೂರನೇ ರಿಚರ್ಡ್ ಎಂಬ ರಾಜನ ಅಸ್ಥಿಪಂಜರ ಸಿಕ್ಕಿತಂತೆ! 2015ರಲ್ಲಿ ಅದನ್ನು ಊರಿನ ದೊಡ್ಡ ಚರ್ಚಿನಲ್ಲಿ ಮತ್ತೆ ಸಮಾಧಿ ಮಾಡಿದರು. ಆ ಸಮಾಧಿಯನ್ನೂ ನೋಡಿ ಬಂದೆವು.

ಆದರೆ ನಮ್ಮಂಥವರಿಗೆ ಲೆಸ್ಟರ್ ಎಂದರೆ ಬೆಲ್‌ಗ್ರೇವ್ ರಸ್ತೆ. ಎರಡೂ ಬದಿ ಸೀರೆ ಅಂಗಡಿ, ಚಿನ್ನದಂಗಡಿ, ಮಿಠಾಯಿ ಅಂಗಡಿ. ಫಾಫ್ಡಾ, ಜಿಲೇಬಿಯ ಪರಿಮಳ. ಹಸಿಮೆಣಸಿನಕಾಯಿ, ಹೀರೇಕಾಯಿ, ಕರಿಬೇವು ಎಲ್ಲವೂ ಸಿಗುತ್ತದೆ. ನಾವು ಹೋದಾಗ ದೀಪಾವಳಿಯ ಕಾಲ. ರಸ್ತೆಯುದ್ದಕ್ಕೂ ಕಟ್ಟಿದ್ದ ದೀಪಗಳನ್ನು ಹೊತ್ತಿಸುವ ದಿನ ಜನಸಾಗರವೇ ಸೇರಿತ್ತು. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದರೂ ರೇಷ್ಮೆ ಸೀರೆಯ ಮೇಲೆ ಕೋಟು ಹಾಕಿಕೊಂಡು ಬಂದ ಹೆಂಗಸರನ್ನು ನೋಡುವುದೇ ಒಂದು ಸೊಗಸು.

ಇಷ್ಟೊಂದು ಸಡಗರದ ಹಿಂದೆ ಒಂದು ನೋವಿನ ಕಥೆಯಿದೆ. 1972ರಲ್ಲಿ ಉಗಾಂಡ ದೇಶದ ಇದಿ ಅಮಿನ್ ಅಲ್ಲಿದ್ದ ಏಷ್ಯಾ ಮೂಲದವರಿಗೆಲ್ಲ 90 ದಿನಗಳ ಗಡುವು ಕೊಟ್ಟು ದೇಶ ಬಿಡಿಸಿದ. ಆಗ ಲೆಸ್ಟರ್ ನಗರಸಭೆಯವರು ಉಗಾಂಡದ ಪತ್ರಿಕೆಯಲ್ಲೇ ಜಾಹೀರಾತು ಹಾಕಿಸಿದರು: ನಮ್ಮ ಊರಲ್ಲಿ ಜಾಗವಿಲ್ಲ, ದಯವಿಟ್ಟು ಬರಬೇಡಿ ಎಂದು! ಆದರೂ ಸಾವಿರಾರು ಜನ ಬಂದರು. ಪಾಳುಬಿದ್ದ ಅಂಗಡಿಗಳನ್ನು ಹಿಡಿದು ವ್ಯಾಪಾರ ಮಾಡಿದರು. ಬೇಡವೆಂದ ಊರಿನಲ್ಲೇ ಈಗ ನಗರಸಭೆಯವರೇ ಮುಂದೆ ನಿಂತು ದೀಪ ಹಚ್ಚಿಸುತ್ತಾರೆ. ಕಾಲ ಎಂದರೆ ಹೀಗೆ ನೋಡಿ.

ಅಂಥ ರಸ್ತೆಯ ಸುತ್ತಮುತ್ತಲೇ ನಮ್ಮ ನಾದಿನಿಯ ಕೆಲಸ. ಅವಳ ಹುದ್ದೆಯ ಹೆಸರು ಪೊಲೀಸ್ ಕಮ್ಯುನಿಟಿ ಸಪೋರ್ಟ್ ಆಫೀಸರ್. ಚಿಕ್ಕದಾಗಿ ಪಿ.ಸಿ.ಎಸ್.ಓ. ಎನ್ನುತ್ತಾರೆ. ಅಂದರೆ ಇಲಾಖೆಯ ಸಂಬಳ ಪಡೆಯುವ, ಸಮವಸ್ತ್ರ ಹಾಕುವ, ಆದರೆ ಪೊಲೀಸ್ ಅಲ್ಲದ ನಾಗರಿಕ ಉದ್ಯೋಗಿ. 2002ರಲ್ಲಿ ಆದ ಕಾನೂನಿನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ಹುದ್ದೆ ಹುಟ್ಟಿತು. ಕಾನ್‌ಸ್ಟೇಬಲ್ ಟೋಪಿಗೆ ಕಪ್ಪು-ಬಿಳಿ ಚೌಕುಳಿ ಪಟ್ಟಿಯಿದ್ದರೆ, ಇವರದಕ್ಕೆ ನೀಲಿ ಪಟ್ಟಿ. ದೂರದಿಂದಲೇ ಗುರುತು ಸಿಗಲಿ ಎಂದು ಈ ವ್ಯವಸ್ಥೆ.

"ಹಾಗಾದರೆ ನಿನಗೆ ಅಧಿಕಾರ ಏನಿದೆ?" ಎಂದು ನನ್ನವರು ಮೊದಲ ದಿನವೇ ಕೇಳಿದರು. ಅವಳು ಚಪಾತಿ ಲಟ್ಟಿಸುತ್ತಾ ಬೆರಳು ಮಡಿಚಿ ಎಣಿಸಿದಳು. ರಸ್ತೆಯಲ್ಲಿ ಕಸ ಎಸೆದರೆ, ಪಾದಚಾರಿಗಳ ದಾರಿಯಲ್ಲಿ ಸೈಕಲ್ ಹೊಡೆದರೆ ದಂಡದ ಚೀಟಿ ಕೊಡಬಹುದು. 18 ವರ್ಷ ತುಂಬದ ಹುಡುಗರು ಬೀದಿಯಲ್ಲಿ ಕುಡಿಯುತ್ತಿದ್ದರೆ ಬಾಟಲಿ ಕಿತ್ತುಕೊಳ್ಳಬಹುದು. ಪುಂಡಾಟ ಮಾಡುವವರ ಹೆಸರು, ವಿಳಾಸ ಕೇಳಬಹುದು. ಕೊಡದಿದ್ದರೆ ಕಾನ್‌ಸ್ಟೇಬಲ್ ಬರುವತನಕ ಹೆಚ್ಚೆಂದರೆ ಅರ್ಧ ಗಂಟೆ ನಿಲ್ಲಿಸಿಕೊಳ್ಳಬಹುದು. ಪ್ರಾಣಾಪಾಯವಿದ್ದರೆ ಮನೆಯೊಳಗೆ ನುಗ್ಗಬಹುದು. ಆದರೆ ಕಾನ್‌ಸ್ಟೇಬಲ್ ಹಾಗೆ ದಸ್ತಗಿರಿ ಮಾಡುವ ಅಧಿಕಾರವಿಲ್ಲ. ಗಂಭೀರ ಕೇಸುಗಳ ತನಿಖೆ ಮಾಡುವ ಹಾಗಿಲ್ಲ. "ಇಷ್ಟೇನಾ?" ಎಂದರು ನನ್ನವರು. "ಇಷ್ಟೇ ಅಣ್ಣ. ಉಳಿದದ್ದು ಕಾಲು, ಬಾಯಿ" ಎಂದು ನಕ್ಕಳು.

ಆ ಮಾತಿನ ಅರ್ಥ ನನಗಾದದ್ದು ಬೆಲ್‌ಗ್ರೇವ್ ರಸ್ತೆಗೆ ತರಕಾರಿ ತರಲು ಹೋದಾಗ. ಡ್ಯೂಟಿಯಲ್ಲಿರುವವಳನ್ನು ಮಾತಾಡಿಸಬಾರದು ಎಂದು ಮೊದಲೇ ಹೇಳಿದ್ದಳು. ದೂರದಿಂದ ನೋಡುವುದಕ್ಕೇನು? ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ನಾಲ್ಕು ಸಲ ನಿಲ್ಲುತ್ತಿದ್ದಳು. ಮಿಠಾಯಿ ಅಂಗಡಿಯವನಿಗೆ "ಕೇಮ್ ಛೋ" ಎಂದಳು. ಶಾಲೆ ಬಿಟ್ಟು ಬಂದ ಹುಡುಗರನ್ನು ಹೆಸರು ಹಿಡಿದು ಕರೆದಳು. ಕೋಲೂರಿಕೊಂಡು ಬಂದ ಇಂಗ್ಲಿಷ್ ಅಜ್ಜನ ಹತ್ತಿರ ಐದು ನಿಮಿಷ ನಿಂತು, ಅವನ ನಾಯಿಯ ಕಾಲುನೋವು ವಿಚಾರಿಸಿದಳು. ನಾಯಿಯ ಕಾಲುನೋವು ವಿಚಾರಿಸುವುದಕ್ಕೂ ಸರ್ಕಾರ ಸಂಬಳ ಕೊಡುತ್ತದೆಯೇ ಎಂದು ನಾನು ಮೂಗಿನ ಮೇಲೆ ಬೆರಳಿಟ್ಟೆ.

ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. "ಅತ್ತಿಗೆ, ಆ ಅಜ್ಜನ ಹೆಂಡತಿ ಹೋಗಿ ಒಂದು ವರ್ಷವಾಯ್ತು. ಮಕ್ಕಳು ದೂರ. ದಿನಾ ಹನ್ನೊಂದಕ್ಕೆ ನಾಯಿ ಹಿಡ್ಕೊಂಡು ಬರ್ತಾರೆ. ಒಂದಿನ ಬರಲಿಲ್ಲ ಅಂದ್ರೆ ನಾನು ಬಾಗಿಲು ತಟ್ತೀನಿ. ಅದು ನನ್ನ ಕೆಲಸ" ಎಂದಳು. ನಾನು ಸುಮ್ಮನಾದೆ.

ಇನ್ನೊಂದು ದಿನ ಬಡಾವಣೆಯ ಸಭಾಭವನಕ್ಕೆ ನನ್ನನ್ನೂ ಕರೆದಿದ್ದಳು. ಜನ ಬಂದು ತಮ್ಮ ಅಹವಾಲು ಹೇಳಿಕೊಳ್ಳಲು ಅಂಥ ಭೇಟಿಯನ್ನು ಆಗಾಗ ಏರ್ಪಡಿಸುತ್ತಾರೆ. ಅವತ್ತಿನ ವಿಷಯ ಚಿನ್ನ. ನಮ್ಮವರ ಮನೆಗಳಲ್ಲಿ 22 ಕ್ಯಾರೆಟ್ ಒಡವೆ ಇರುತ್ತದೆಂದು ಆ ದೇಶದ ಕಳ್ಳರಿಗೂ ಗೊತ್ತು. ಹುಡುಕಿಕೊಂಡೇ ಬರುತ್ತಾರೆ. ಬಹಳಷ್ಟು ಬ್ಯಾಂಕುಗಳು ಅಲ್ಲಿ ಲಾಕರ್ ಕೊಡುವುದನ್ನೇ ನಿಲ್ಲಿಸಿವೆ. ಆಮೇಲೆ ಹೆಂಗಸರು ಎಲ್ಲಿಡಬೇಕು? ಅಕ್ಕಿ ಡಬ್ಬ, ಬೀರುವಿನ ಸೀರೆ ಮಡಿಕೆ, ದೇವರ ಮನೆ. ನಾದಿನಿ ಈ ಮೂರನ್ನೂ ಹೇಳಿದಾಗ ಸಭೆಯಲ್ಲಿ ಗೊಳ್ಳೆಂದು ನಗು. "ನಿಮಗೆ ಗೊತ್ತಿರೋ ಜಾಗ ಕಳ್ಳನಿಗೂ ಗೊತ್ತು" ಎಂದಳು. ಪ್ರತಿಯೊಂದು ಒಡವೆಯ ಫೋಟೋ ತೆಗೆದಿಡಿ, ಪಕ್ಕದಲ್ಲಿ ಅಳತೆ ಪಟ್ಟಿ ಇಡಿ, ರಸೀದಿ ಬಿಸಾಡಬೇಡಿ, ಊರಿಗೆ ಹೋಗುವ ಸುದ್ದಿಯನ್ನು ಫೇಸ್‌ಬುಕ್ಕಿಗೆ ಹಾಕಬೇಡಿ ಎಂದು ತಿಳಿಹೇಳಿದಳು. ಈ ಬುದ್ಧಿಮಾತು ತಿಪಟೂರಿಗೂ ಸಲ್ಲುತ್ತದಲ್ಲವೇ?

ಸಭೆ ಮುಗಿದ ಮೇಲೆ ಉಗಾಂಡದಿಂದ ಬಂದ ಹಿರಿಯರೊಬ್ಬರು ಚಹಾ ಕುಡಿಯುತ್ತಾ ನನ್ನ ಕೈ ಹಿಡಿದುಕೊಂಡು ಹಿಂದಿಯಲ್ಲಿ ತಮ್ಮ ಕಥೆ ಹೇಳಿದರು. ಒಂದು ದಿನ ಅವರಿಗೆ ಫೋನ್ ಬಂತಂತೆ. "ನಾವು ಪೊಲೀಸರು. ನಿಮ್ಮ ಬ್ಯಾಂಕಿನವರೇ ನಿಮ್ಮ ದುಡ್ಡು ಕದಿಯುತ್ತಿದ್ದಾರೆ. ಹಣ ತೆಗೆದಿಡಿ, ನಮ್ಮ ಮನುಷ್ಯ ಬಂದು ಒಯ್ಯುತ್ತಾನೆ. ಗುಟ್ಟಿನ ತನಿಖೆ, ಮಕ್ಕಳಿಗೂ ಹೇಳಬೇಡಿ." ನಂಬಿಕೆ ಬರಲೆಂದು "ಬೇಕಾದರೆ 999ಕ್ಕೆ ಫೋನ್ ಮಾಡಿ ನೋಡಿ" ಎಂದೂ ಹೇಳಿದರಂತೆ. ಆದರೆ ಆ ಕಡೆಯವರು ಫೋನ್ ಇಟ್ಟಿರುವುದೇ ಇಲ್ಲ! ನಾವು 999 ಒತ್ತಿದರೆ ಅದೇ ಕಳ್ಳನ ಜೊತೆಗಾರ ಮಾತಾಡುತ್ತಾನೆ. ಪಾಪ, ಆ ತಾಯಿ ಬ್ಯಾಂಕಿಗೆ ಹೊರಟು ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ನೀಲಿ ಪಟ್ಟಿ ಟೋಪಿ ಕಂಡಿತು. "ಬೇಟಿ, ನಿಮ್ಮ ಆಫೀಸಿನವರು ಫೋನ್ ಮಾಡಿದ್ದರಲ್ಲ" ಎಂದರಂತೆ. ಅಷ್ಟೇ. ಜೀವಮಾನದ ಉಳಿತಾಯ ಉಳಿಯಿತು.

"ಗುರುತಿಲ್ಲದ ಪೊಲೀಸಿನವರಾಗಿದ್ದರೆ ಕೇಳುತ್ತಿದ್ದಿರಾ?" ಎಂದೆ. ಅವರು ತಲೆಯಾಡಿಸಿದರು. "ಹೆದರಿಕೆಯಾಗುತ್ತಿತ್ತು. ಇವಳು ವಾರಕ್ಕೊಮ್ಮೆ ನಮ್ಮ ಬೀದಿಗೆ ಬರುತ್ತಾಳೆ" ಎಂದರು.

ಅದೇ ಊರಿನಲ್ಲಿ 2022ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಕೆಟ್ಟ ದಿನಗಳೂ ಬಂದವು. ಭಾರತ-ಪಾಕಿಸ್ತಾನ ಕ್ರಿಕೆಟ್ ಪಂದ್ಯದ ನಂತರ ಊರಿನ ಪೂರ್ವಭಾಗದಲ್ಲಿ ಹಿಂದೂ, ಮುಸ್ಲಿಂ ಯುವಕರ ನಡುವೆ ಗಲಾಟೆಯಾಯಿತು. ಒಬ್ಬ ಹುಡುಗಿಯನ್ನು ಅಪಹರಿಸಲು ನೋಡಿದರಂತೆ ಎಂಬ ಸುದ್ದಿ ಮೊಬೈಲಿನಲ್ಲಿ ಕಾಡ್ಗಿಚ್ಚಿನಂತೆ ಹಬ್ಬಿತು. ಪೊಲೀಸರು ವಿಚಾರಿಸಿ, ಅಂಥದ್ದು ನಡೆದೇ ಇಲ್ಲ ಎಂದು ಸಾರಿದರು. ಗುಂಪು ಚದುರಿಸಲು ಬೇರೆ ಜಿಲ್ಲೆಗಳಿಂದ ಪೊಲೀಸರು ಬಂದರು. ಅದು ನಾದಿನಿಯಂಥವರ ಕೆಲಸವಲ್ಲ. ಅವರೆಲ್ಲ ಹೋದ ಮೇಲೆ ಇವರ ಕೆಲಸ ಶುರು. ಎರಡೂ ಕಡೆಯ ಮನೆಗಳ ಬಾಗಿಲು ತಟ್ಟಿ, ತಾಯಂದಿರ ಜೊತೆ ಕೂತು, "ಆ ಸುದ್ದಿ ಸುಳ್ಳು ಕಣಮ್ಮಾ, ಮಗನ್ನ ಮನೇಲಿ ಇಟ್ಕೊಳ್ಳಿ" ಎಂದು ಹೇಳುತ್ತಾ ತಿರುಗಿದಳಂತೆ. "ಎಲ್ಲರೂ ಕೇಳಿದರು ಅಂತ ಹೇಳಲ್ಲ ಅತ್ತಿಗೆ. ಬಾಗಿಲು ತೆರೆದರಲ್ಲ, ಅದೇ ದೊಡ್ಡದು" ಎಂದಳು.

ಇಷ್ಟು ಉಪಯೋಗವಿರುವ ಹುದ್ದೆ ಎಂದ ಮೇಲೆ ಹೆಚ್ಚುತ್ತಾ ಹೋಗಿರಬೇಕು ಎನಿಸುತ್ತದಲ್ಲವೇ? ಆದದ್ದು ಉಲ್ಟಾ. 2010ರ ಮಾರ್ಚ್‌ನಲ್ಲಿ ಇಂಗ್ಲೆಂಡ್, ವೇಲ್ಸ್ ಸೇರಿ ಇಂಥವರು 16,900ಕ್ಕೂ ಹೆಚ್ಚಿದ್ದರು. ಆಮೇಲೆ ಸರ್ಕಾರ ಖರ್ಚು ಕಡಿತಕ್ಕೆ ಕೈಹಾಕಿತು. 2024ರ ಹೊತ್ತಿಗೆ 8,000ಕ್ಕಿಂತ ಕಡಿಮೆ! ನಾರ್ಫಕ್ ಜಿಲ್ಲೆಯಲ್ಲಂತೂ 2018ರಲ್ಲಿ ಅಷ್ಟೂ ಹುದ್ದೆಗಳನ್ನು ತೆಗೆದುಹಾಕಿದರು. ಆ ದುಡ್ಡಿನಲ್ಲಿ ಪೂರ್ಣ ಅಧಿಕಾರದ ಪೊಲೀಸರನ್ನು ತೆಗೆದುಕೊಳ್ಳುವುದೇ ಮೇಲು, ಅಪರಾಧದ ರೀತಿಯೇ ಬದಲಾಗಿದೆ ಎಂಬುದು ಅಲ್ಲಿನವರ ವಾದ. ಅವರ ಮಾತೂ ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಕಳ್ಳನನ್ನು ಹಿಡಿಯುವವರೂ ಬೇಕಲ್ಲ? ನನ್ನ ನಾದಿನಿಗೂ ಪ್ರತಿ ವರ್ಷ ಬಜೆಟ್ ಬಂದಾಗ ಎದೆ ಡವಡವ. ಮನೆ ಸಾಲ ಇದೆ, ಮಗಳ ಓದು ಇದೆ.

ನನಗೆ ಮಾತ್ರ ಇದನ್ನು ಕೇಳಿದಾಗ ನಮ್ಮ ಮನೆಗೆಲಸವೇ ನೆನಪಾಯಿತು ನೋಡಿ. ಹಿಡಿದ ಕಳ್ಳರನ್ನು ಲೆಕ್ಕ ಹಾಕಬಹುದು, ಆಗದೇ ಹೋದ ಕಳ್ಳತನವನ್ನು ಯಾವ ಪುಸ್ತಕದಲ್ಲಿ ಬರೆಯುತ್ತಾರೆ? ಆ ತಾಯಿಯ ಉಳಿತಾಯ ಉಳಿದದ್ದು, ಒಬ್ಬ ಹುಡುಗ ಅವತ್ತು ಮನೆಯಲ್ಲೇ ಉಳಿದದ್ದು ಯಾವ ಅಂಕಿ ಅಂಶದಲ್ಲಿದೆ? ನಾವೂ ಹಾಗೇ ಅಲ್ಲವೇ? ಹಾಲು ಉಕ್ಕಲಿಲ್ಲ, ಮಗುವಿಗೆ ಜ್ವರ ಏರಲಿಲ್ಲ, ಸಂಬಂಧಿಕರ ನಡುವೆ ಮಾತು ಬೆಳೆಯಲಿಲ್ಲ ಎಂಬುದಕ್ಕೆ ಯಾರು ಲೆಕ್ಕ ಇಟ್ಟಿದ್ದಾರೆ? "ನೀನು ಇಡೀ ದಿನ ಮನೇಲಿ ಏನ್ ಮಾಡ್ತೀಯ?" ಎಂಬ ಪ್ರಶ್ನೆ ಕೇಳದ ಗೃಹಿಣಿ ಇದ್ದಾಳೆಯೇ? ಮಾಡುತ್ತಿರುವಾಗ ಕಾಣದ ಕೆಲಸ, ನಿಲ್ಲಿಸಿದ ದಿನ ಎದ್ದು ಕಾಣುತ್ತದೆ.

ಅಲ್ಲಿಯೂ ಈಗ ಕಂಡಿರಬೇಕು. 2025ರ ಏಪ್ರಿಲ್‌ನಲ್ಲಿ ಬ್ರಿಟನ್ ಸರ್ಕಾರ, ಪ್ರತಿ ಬಡಾವಣೆಗೂ ಜನರಿಗೆ ಹೆಸರು ಗೊತ್ತಿರುವ ಒಬ್ಬ ಅಧಿಕಾರಿ ಇರಬೇಕು, 2029ರೊಳಗೆ ಬೀದಿ ಕೆಲಸಕ್ಕೆ ಇನ್ನೂ 13,000 ಜನ ಬರುತ್ತಾರೆ ಎಂದು ಪ್ರಕಟಿಸಿತು. ನಾದಿನಿ ಫೋನಿನಲ್ಲಿ "ನೋಡೋಣ ಅತ್ತಿಗೆ" ಎಂದಳು. ಬಜೆಟ್‌ಗಳನ್ನು ಕಂಡವಳು, ಕುಣಿದಾಡಲಿಲ್ಲ.

ನಮ್ಮ ರಾಜ್ಯದಲ್ಲೂ 2025ರ ಜುಲೈಯಲ್ಲಿ 'ಮನೆ ಮನೆಗೆ ಪೊಲೀಸ್' ಎಂಬ ಯೋಜನೆ ಆರಂಭಿಸಿದ್ದಾರೆ. ಬೀಟ್ ಪೊಲೀಸರು ಮನೆಗೇ ಬಂದು ಪರಿಚಯ ಮಾಡಿಕೊಂಡು ಕಷ್ಟಸುಖ ಕೇಳಬೇಕು ಎಂಬುದು ಅದರ ಉದ್ದೇಶ. ಸೋದರಿಯರೇ, ಹಾಗೆ ಯಾರಾದರೂ ನಿಮ್ಮ ಬಾಗಿಲಿಗೆ ಬಂದರೆ "ನಮ್ಮವರು ಮನೇಲಿಲ್ಲ" ಎಂದು ಕದ ಹಾಕಬೇಡಿ. ಮೊದಲು ಗುರುತಿನ ಚೀಟಿ ಕೇಳಿ ನೋಡಿ, ಅದು ನಿಮ್ಮ ಹಕ್ಕು. ಹೆಸರು, ಠಾಣೆಯ ನಂಬರು ಬರೆದಿಟ್ಟುಕೊಳ್ಳಿ. ಪಕ್ಕದ ಮನೆಯಲ್ಲಿ ಒಂಟಿ ಅಜ್ಜಿ ಇದ್ದರೆ ಅವರ ವಿಷಯವನ್ನೂ ತಿಳಿಸಿ.

ಫೋನಿನ ಮೋಸವಂತೂ ನಮ್ಮಲ್ಲಿ 'ಡಿಜಿಟಲ್ ಅರೆಸ್ಟ್' ಎಂಬ ಹೆಸರಿನಲ್ಲಿ ಬಂದಿದೆ. ನಾವು ಲೆಸ್ಟರ್‌ನಲ್ಲಿದ್ದ ತಿಂಗಳೇ, 2024ರ ಅಕ್ಟೋಬರ್ 27ರಂದು, ಪ್ರಧಾನಿಯವರು ಆಕಾಶವಾಣಿಯ ಮಾತಿನಲ್ಲಿ ಅದರ ಬಗ್ಗೆ ಎಚ್ಚರಿಸಿದರು. ನಮ್ಮ ಕಾನೂನಿನಲ್ಲಿ ಅಂಥ ಅರೆಸ್ಟೇ ಇಲ್ಲ. ಪೊಲೀಸರು ವಿಡಿಯೋ ಕಾಲಿನಲ್ಲಿ ಯಾರನ್ನೂ ಬಂಧಿಸುವುದಿಲ್ಲ, ದುಡ್ಡನ್ನೂ ಕೇಳುವುದಿಲ್ಲ. ಅಂಥ ಕರೆ ಬಂದರೆ ಫೋನ್ ಇಟ್ಟುಬಿಡಿ, ಮನೆಯವರಿಗೆ ಹೇಳಿ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ತುರ್ತು ಸಹಾಯಕ್ಕೆ 112. ಈ ಎರಡು ನಂಬರನ್ನು ನಾನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ, ಹಾಲಿನ ಲೆಕ್ಕದ ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ. ನೀವೂ ಬರೆದಿಡಿ.