ಗೆರೆಯ ಕ್ರಮ, ಓದಿನ ಕ್ರಮ

ಏಳನೆಯ ಶತಮಾನದಲ್ಲಿ ಜೈನಧರ್ಮದ ವ್ಯಾಪ್ತಿಯನ್ನು ಕುರಿತು ಬರೆಯುವವರು ಚೀನಿ ಯಾತ್ರಿಕ ಹ್ಯೂಯೆನ್ ತ್ಸಾಂಗನನ್ನು ಸಾಕ್ಷಿಗೆ ಕರೆಯುವುದು ರೂಢಿ. ಪುಂಡ್ರವರ್ಧನ, ಸಮತಟ, ಕಳಿಂಗಗಳಲ್ಲಿ ನಿರ್ಗ್ರಂಥರು ಬಹುಸಂಖ್ಯೆಯಲ್ಲಿದ್ದರೆಂದು ಆತ ದಾಖಲಿಸಿದ್ದಾನೆ. ಆದರೆ ನಮ್ಮ ಕೈಗೆ ಬಂದಿರುವುದು 1884ರ ಸ್ಯಾಮ್ಯುಯೆಲ್ ಬೀಲ್ ಅವರ ಇಂಗ್ಲಿಷ್ ಅನುವಾದ ಮತ್ತು 1904-05ರ ಥಾಮಸ್ ವಾಟರ್ಸ್ ಅವರ ವಿವೇಚನೆ. ಪ್ರಾಕೃತದ ಒಂದು ಪದಕ್ಕಾಗಿ ಹಲವು ಪ್ರತಿಗಳ ಪಾಠಾಂತರಗಳನ್ನು ತೂಗಿ ನೋಡುವ ವಿದ್ವತ್ಪರಂಪರೆ, ಚೀನಿ ಆಕರದ ವಿಷಯದಲ್ಲಿ ಮಾತ್ರ ಅನುವಾದವನ್ನೇ ಮೂಲದಂತೆ ಬಳಸುತ್ತ ಬಂದಿದೆ. ಈ ಕೊರತೆಯೇ ಇಳಿವಯಸ್ಸಿನಲ್ಲಿ ನನ್ನನ್ನು ಚೀನಿ ಅಕ್ಷರಗಳನ್ನು ತಿದ್ದಲು ಕೂರಿಸಿತು.

ಕೆಲವು ವಾಕ್ಯಗಳನ್ನು ಓದುವುದಷ್ಟೇ ಉದ್ದೇಶವಾಗಿರುವಾಗ ಗೆರೆಗಳ ಕ್ರಮವನ್ನೇಕೆ ಕಲಿಯಬೇಕೆಂಬ ಪ್ರಶ್ನೆ ಮೊದಲು ಎದುರಾಯಿತು. ನಿಯಮಗಳು ಕಠಿಣವಲ್ಲ. ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ. ಅಡ್ಡಗೆರೆ ಮೊದಲು, ಅದನ್ನು ದಾಟುವ ಉದ್ದಗೆರೆ ಆಮೇಲೆ. ಎಡಕ್ಕೆ ಇಳಿಯುವ ಓರೆಗೆರೆಯ ನಂತರ ಬಲಕ್ಕೆ ಇಳಿಯುವುದು. ಸುತ್ತುಗಟ್ಟಿದ ಅಕ್ಷರದಲ್ಲಿ ಹೊರಗೋಡೆಯನ್ನು ಎತ್ತಿ, ಒಳಗಿನದನ್ನು ತುಂಬಿ, ಕೊನೆಗೆ ತಳವನ್ನು ಮುಚ್ಚಬೇಕು. ‘ಬಾಯಿ’ ಎಂಬ ಅಕ್ಷರ ನೋಟಕ್ಕೆ ನಾಲ್ಕು ಬದಿಗಳ ಚೌಕ. ಬರೆಯುವಾಗ ಮಾತ್ರ ಅದು ಮೂರೇ ಗೆರೆ. ಮೇಲಿನ ಬದಿಯೂ ಬಲಬದಿಯೂ ಕುಂಚವನ್ನೆತ್ತದೆ ತಿರುಗುವ ಒಂದೇ ಗೆರೆಯಾಗುತ್ತವೆ.

ಈ ಮೂರು-ನಾಲ್ಕರ ವ್ಯತ್ಯಾಸ ನಿಘಂಟನ್ನು ತೆರೆದಾಗ ದೊಡ್ಡದಾಗುತ್ತದೆ. 1716ರ ಕಾಂಗ್‌ಶಿ ನಿಘಂಟಿನಲ್ಲಿ ಅಕ್ಷರಗಳನ್ನು 214 ಮೂಲಾಂಗಗಳ ಕೆಳಗೆ, ಉಳಿದ ಗೆರೆಗಳ ಸಂಖ್ಯೆಯ ಅನುಸಾರ ಜೋಡಿಸಲಾಗಿದೆ. ಕೈಗೆ ಕ್ರಮ ತಿಳಿಯದವನಿಗೆ ಎಣಿಕೆ ತಪ್ಪುತ್ತದೆ. ಎಣಿಕೆ ತಪ್ಪಿದರೆ ಪದ ಸಿಕ್ಕುವುದಿಲ್ಲ. ಆದಿನಾಥನು ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕವನ್ನೂ ಕಲಿಸಿದನೆಂದು ನಮ್ಮ ಪುರಾಣಗಳು ಹೇಳುತ್ತವೆ. ಚೀನಿ ನಿಘಂಟಿನ ಮುಂದೆ ಕುಳಿತವನಿಗೆ ಆ ಅಕ್ಕತಂಗಿಯರ ವಿದ್ಯೆಗಳೆರಡೂ ಒಟ್ಟಿಗೇ ಬೇಕು.

ಓಲೆಗರಿಗಳೊಡನೆ ಒಡನಾಡಿದವರಿಗೆ ಇನ್ನೊಂದು ಕಾರಣವೂ ಹೊಳೆಯದಿರದು. ಅಂಚು ಮುರಿದ ಗರಿಯಲ್ಲಿ ಅರ್ಧ ಉಳಿದ ಅಕ್ಷರವನ್ನು ಗುರುತಿಸುವಾಗ, ಲಿಪಿಕಾರನ ಕಂಟ ಎಲ್ಲಿ ಊರಿ ಯಾವ ಕಡೆಗೆ ಹೊರಳಿತೆಂಬುದನ್ನು ಕಣ್ಣು ಹಿಂಬಾಲಿಸುತ್ತದೆ. ಚೀನಿಯ ಶೀಘ್ರಲಿಪಿಯಲ್ಲಿಯೂ ಹೀಗೆಯೇ. ಅಲ್ಲಿ ಗೆರೆಗಳು ಒಂದರೊಳಗೊಂದು ಕರಗಿ ಹರಿಯುತ್ತವೆ. ಹಾಗೆ ಹರಿದ ಆಕೃತಿಯನ್ನು ಬಿಡಿಸಿಕೊಳ್ಳಲು ಕ್ರಮದ ಅರಿವೇ ಆಧಾರ. ಆದರೂ ಈ ಕ್ರಮವನ್ನು ಅನಾದಿಯೆಂದು ತಿಳಿಯಬೇಕಿಲ್ಲ. ‘ಬಲ’ ಎಂಬ ಅಕ್ಷರವನ್ನು ಚೀನಾದಲ್ಲಿ ಅಡ್ಡಗೆರೆಯಿಂದಲೂ ಜಪಾನಿನಲ್ಲಿ ಓರೆಗೆರೆಯಿಂದಲೂ ಆರಂಭಿಸುತ್ತಾರೆ. ಚೀನಾ ಸರಕಾರ 7000 ಅಕ್ಷರಗಳಿಗೆ ಪ್ರಮಾಣಕ್ರಮವನ್ನು ಪ್ರಕಟಿಸಿದ್ದು 1997ರಲ್ಲಿ. ಕ್ರಮವೆಂಬುದು ಕೈಯಿಂದ ಕೈಗೆ ಬಂದ ಸಂಪ್ರದಾಯ; ಅದಕ್ಕೂ ಶಾಖೆಗಳುಂಟು.

ಇಷ್ಟು ಸಿದ್ಧತೆಯ ನಂತರ ಪುಂಡ್ರವರ್ಧನದ ಪ್ರಸಂಗವನ್ನು ಅಕ್ಷರ ಅಕ್ಷರವಾಗಿ ಬರೆದುಕೊಂಡೆ. ‘ನಿರ್ಗ್ರಂಥ’ ಶಬ್ದಕ್ಕೆ ಅಲ್ಲಿ ಎರಡು ಅಕ್ಷರಗಳಿವೆ. ಐದು ಗೆರೆಗಳ ಮೊದಲನೆಯದನ್ನು ಬೌದ್ಧ ಭಿಕ್ಷುಣಿಗೂ ಬಳಸುತ್ತಾರೆ. ಹನ್ನೊಂದು ಗೆರೆಗಳ ಎರಡನೆಯದಕ್ಕೆ ಆಕಾಶವೆಂಬ ಅರ್ಥವುಂಟು. ಇಲ್ಲಿ ಅರ್ಥಗಳನ್ನು ಬಿಟ್ಟು ಧ್ವನಿಯನ್ನಷ್ಟೇ ಹಿಡಿಯಬೇಕು. ಅವುಗಳ ಹಿಂದಿರುವ ವಿಶೇಷಣದ ಎರಡು ಅಕ್ಷರಗಳಾದರೋ ಅರ್ಥವನ್ನೇ ಹೇಳುತ್ತವೆ. ಮೊದಲನೆಯದು ಇಪ್ಪತ್ತೊಂದು ಗೆರೆಗಳದು: ಮೇಲೆ ಮಳೆ, ಕೆಳಗೆ ದಾರಿ, ಇಬ್ಬನಿಯೆಂದೂ ಹೌದು, ತೆರೆದು ತೋರುವುದೆಂದೂ ಹೌದು. ಎರಡನೆಯದು ಏಳು ಗೆರೆಗಳ ‘ಆಕೃತಿ’. ಕೂಡಿದರೆ ‘ಮೈ ತೆರೆದ ನಿರ್ಗ್ರಂಥರು’. ವಾಟರ್ಸ್ ಇಲ್ಲಿ ‘ದಿಗಂಬರ’ವೆಂದು ಬರೆದಿದ್ದಾರೆ. ತಾತ್ಪರ್ಯ ದೂರದ್ದಲ್ಲ. ಆದರೆ ದಿಕ್ಕೂ ಇಲ್ಲ, ಅಂಬರವೂ ಇಲ್ಲ. ಯಾತ್ರಿಕ ಕೊಟ್ಟಿರುವುದು ತಾನರಿತ ರೂಪದ ವರ್ಣನೆಯನ್ನು. ಪಂಥದ ಹೆಸರು ಅನುವಾದಕನದು. ‘ದಿಗಂಬರ’ವೆಂಬ ಸಂಜ್ಞೆಯ ಚರಿತ್ರೆಯನ್ನು ಬರೆಯುವವರು ಈ ಪ್ರಸಂಗವನ್ನು ಅದರ ಪ್ರಯೋಗವೆಂದು ಎಣಿಸಲಾಗದು. ನಗ್ನ ಮುನಿಗಳ ಇರವಿಗಾದರೆ ಅದು ಬಲವಾದ ಸಾಕ್ಷಿ.

ಕನ್ನಡದ ಓದುಗರಿಗೆ ಹತ್ತಿರವಾದ ಇನ್ನೊಂದು ಹೆಸರೂ ಅದೇ ಗ್ರಂಥದಲ್ಲಿದೆ: ಪುಲಕೇಶಿ. ಜೈನಕವಿ ರವಿಕೀರ್ತಿ 634ರಲ್ಲಿ ಐಹೊಳೆಯ ಮೇಗುಟಿಯ ಶಾಸನದಲ್ಲಿ ಕೀರ್ತಿಸಿದ ಅರಸ, 646ರಲ್ಲಿ ಮುಗಿದ ಚೀನಿ ಗ್ರಂಥದಲ್ಲಿ ನಾಲ್ಕು ಅಕ್ಷರಗಳಾಗಿದ್ದಾನೆ. ಬಿಡಿಬಿಡಿಯಾಗಿ ಅವುಗಳ ಅರ್ಥ ತೇಪೆ ಹಾಕು, ಬಲೆ, ಪರಿಶೀಲಿಸು, ಮನೆ. ಒಟ್ಟು ಐವತ್ತನಾಲ್ಕು ಗೆರೆಗಳು. ಹನ್ನೆರಡು ವರ್ಷಗಳ ಅಂತರದಲ್ಲಿ ಒಂದೇ ಹೆಸರು ಕಲ್ಲಿನ ಮೇಲೆ ಉಳಿಯಿಂದಲೂ ಕಾಗದದ ಮೇಲೆ ಕುಂಚದಿಂದಲೂ ಮೂಡಿತು.

ಸಂಶೋಧನ ವಿದ್ಯಾರ್ಥಿಗಳೆಲ್ಲರೂ ಚೀನಿ ಕಲಿಯಬೇಕೆಂದು ನಾನು ಹೇಳಲಾರೆ. ಆದರೆ ಹ್ಯೂಯೆನ್ ತ್ಸಾಂಗನನ್ನು ಉಲ್ಲೇಖಿಸುವಾಗ, ಮಾತು ಯಾತ್ರಿಕನದೋ ಅನುವಾದಕನದೋ ಎಂದು ಒಮ್ಮೆ ಕೇಳಿಕೊಳ್ಳುವುದು ಎಲ್ಲರಿಗೂ ಸಾಧ್ಯ. ನನ್ನ ಮಟ್ಟಿಗೆ ಆ ಪ್ರಶ್ನೆಗೆ ಉತ್ತರ ಗೆರೆಗಳನ್ನು ಒಂದೊಂದಾಗಿ ಎಳೆದಾಗ ದೊರೆಯಿತು. ಕಳಿಂಗ, ಸಮತಟಗಳ ಪ್ರಸಂಗಗಳನ್ನು ಇದೇ ರೀತಿ ಬರೆದುಕೊಳ್ಳುವ ಕೆಲಸ ಸಾಗಿದೆ.