ಕೋವಿಯ ಒದೆತದ ಲೆಕ್ಕ

ಪಿಯುಸಿ ಭೌತಶಾಸ್ತ್ರದಲ್ಲಿ ಕೋವಿಯ ಲೆಕ್ಕವೊಂದು ಇದ್ದೇ ಇರುತ್ತದೆ. ಗುಂಡಿನ ತೂಕ, ಅದರ ವೇಗ, ಕೋವಿಯ ತೂಕ ಕೊಟ್ಟಿರುತ್ತಾರೆ. ಕೋವಿ ಎಷ್ಟು ವೇಗದಲ್ಲಿ ಹಿಮ್ಮೆಟ್ಟುತ್ತದೆಂದು ಹೇಳಬೇಕು. ಹನ್ನೆರಡು ಬೋರಿನ ತೋಟಾದಿಂದ 32 ಗ್ರಾಂ ಸೀಸ ಸೆಕೆಂಡಿಗೆ 400 ಮೀಟರಿನಂತೆ ಹೊರಟರೆ, 3.2 ಕಿಲೋ ತೂಕದ ಕೋವಿ ಸೆಕೆಂಡಿಗೆ 4 ಮೀಟರಿನಂತೆ ಹಿಂದೆ ಬರುತ್ತದೆ. ಮದ್ದಿನ ಅನಿಲವನ್ನೂ ಸೇರಿಸಿದರೆ ಇನ್ನೂ ತುಸು ಹೆಚ್ಚು. ಕೋವಿ ಹಗುರವಾದಷ್ಟೂ ಒದೆತ ಜೋರು. ಸಂವೇಗ ಸಂರಕ್ಷಣೆಯ ನಿಯಮ ಇಷ್ಟು ಹೇಳಿ ಸುಮ್ಮನಾಗುತ್ತದೆ. ಆ ಲೆಕ್ಕದಲ್ಲಿ ಭುಜವೇ ಇಲ್ಲ.

ನಮ್ಮ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. "ಹೆಣ್ಣುಮಕ್ಕಳ ಭುಜಕ್ಕೆ ಇದು ತಡೆಯಲ್ಲ ಮಗಳೇ" ಎಂದು ಚಿಕ್ಕಪ್ಪ ಪ್ರೀತಿಯಿಂದಲೇ ಹೇಳುತ್ತಿದ್ದರು. ನನ್ನ ಭುಜ ನೀಲಿಗಟ್ಟಿದ್ದೂ ನಿಜ. ಆದರೆ ಕಾರಣ ಬೇರೆ. ಆ ಕೋವಿಯ ಹಿಂಬದಿಯ ಮರ ಆರಡಿ ಎತ್ತರದ ಅಜ್ಜನ ತೋಳಿಗೆ ಹೊಂದುವಂತಿತ್ತು. ನಾನು ಹಿಡಿದರೆ ಅದು ಭುಜದ ಗುಳಿಯಲ್ಲಿ ಕೂರದೆ ತೋಳಿಗೆ ಜಾರುತ್ತಿತ್ತು.

ಕೋವಿ ಭುಜಕ್ಕೆ ಒತ್ತಿ ಕೂತರೆ ಮೈಯೆಲ್ಲ ಅದರ ಜೊತೆ ಹಿಂದಕ್ಕೆ ಸರಿಯುತ್ತದೆ, ಅದು ತಳ್ಳಿದಂತಿರುತ್ತದೆ. ನಡುವೆ ಬೆರಳಷ್ಟು ಜಾಗ ಉಳಿದರೂ ಕೋವಿ ವೇಗ ಪಡೆದು ಬಂದು ಗುದ್ದುತ್ತದೆ. ಮರದ ತುದಿ ಅಗಲವಾಗಿದ್ದರೆ ಒತ್ತಡ ಹಂಚಿಹೋಗುತ್ತದೆ. ರಬ್ಬರ್ ಮೆತ್ತೆ ಇದ್ದರೆ ಅದೇ ಸಂವೇಗ ಭುಜಕ್ಕೆ ದಾಟಲು ಹೆಚ್ಚು ಸಮಯ ಸಿಗುತ್ತದೆ, ಬಲ ಇಳಿಯುತ್ತದೆ. ಕಿವಿ ಮುಚ್ಚಿಕೊಂಡರೆ ಒದೆತವೂ ಕಡಿಮೆಯೆನಿಸುತ್ತದೆ ಎಂದು ಗುರಿಕಾರರು ಹೇಳುವುದುಂಟು.

ಹೆದರಿಕೆಯದೂ ಒಂದು ಪಾಲಿದೆ. ಶೂಟಿಂಗ್ ಕಲಿಸುವವರು ಕೆಲವೊಮ್ಮೆ ಕಲಿಯುವವರಿಗೆ ತಿಳಿಸದೆ ಖಾಲಿ ತೋಟಾ ಸೇರಿಸಿಡುತ್ತಾರೆ. ಟ್ರಿಗರ್ ಎಳೆದಾಗ ಗುಂಡು ಹಾರುವುದಿಲ್ಲ, ಆದರೂ ನಳಿಗೆ ತಟ್ಟನೆ ಕೆಳಗಿಳಿಯುತ್ತದೆ. ಬಾರದ ಒದೆತಕ್ಕೆ ಮೈ ಮೊದಲೇ ಬಿಗಿದುಕೊಂಡಿರುತ್ತದೆ. "ನಿನ್ನಿಂದಾಗಲ್ಲ" ಎಂಬ ಮಾತನ್ನು ಕೇಳುತ್ತಾ ಬೆಳೆದವರಿಗೆ ಈ ಬಿಗಿತ ಎಷ್ಟು ಬೇಗ ಬಂದೀತು ಎಂದು ಯೋಚಿಸುತ್ತೇನೆ.

ಕಳೆದ ಹಬ್ಬಕ್ಕೆ ಚಿಕ್ಕಪ್ಪನ ಮಗಳು ಕೋವಿ ಎತ್ತಿಕೊಂಡಳು. ಅವಳ ಮೊಣಕೈ ಮಡಿಚಿದ ಒಳಭಾಗಕ್ಕೆ ಮರದ ತುದಿಯಿಟ್ಟು ನೋಡಿದೆವು. ಬೆರಳು ಟ್ರಿಗರ್ ಮುಟ್ಟಲಿಲ್ಲ, ಎರಡಂಗುಲ ಕಡಿಮೆ ಬಿತ್ತು. ಚಿಕ್ಕಪ್ಪ ತುಸು ಹೊತ್ತು ಸುಮ್ಮನಿದ್ದು, ಈ ಮರವನ್ನು ಆಚಾರಿಯ ಹತ್ತಿರ ಕೊಯ್ಯಿಸಬಹುದೇ ಎಂದು ಕೇಳಿದರು.